ಏಳನೇ ತಿರುವಿನಲ್ಲಿ ಹಳದಿ ಲಾರಿ

“ಹಳೇ ಕಲ್ಲುಗಣಿವರೆಗೂ ಓಡಿಸ್ಕೊಂಡು ಹೋಗಿ ವಾಪಸ್ ಬನ್ನಿ. ಎಂಟು ಮೈಲಿ, ಒಂಬತ್ತು ತಿರುವು. ಯಾವ ಲಾರಿ ನಿಮ್ಮ ಮಾತು ಕೇಳುತ್ತೋ ಅದನ್ನೇ ಮನೆಗೆ ತಗೊಂಡ್ಹೋಗಿ,” ಎಂದು ಮುದುಕ ಮೇಸ್ತ್ರಿ ಎರಡು ಕೀಗಳನ್ನು ಗಾಡಿ ಕೊಳ್ಳಲು ಬಂದ ಅಪ್ಪ, ಅಮ್ಮ, ಮಗಳ ಮುಂದೆ ಮೇಜಿನ ಮೇಲಿಟ್ಟ.

ಗ್ಯಾರೇಜಿನ ಅಂಗಳದಲ್ಲಿ ಎರಡು ಲಾರಿಗಳು ನಿಂತಿದ್ದವು. ಹಳದಿಯದು ಅಗ್ನಿಶಾಮಕ ದಳದಲ್ಲಿ ದುಡಿದು ಬಂದದ್ದು. ಉದ್ದನೆಯ ಮೈ, ಮುಂದೆ ಎರಡು ಸೀಟು, ಹಿಂದೆ ಎರಡು ಸೀಟು. ಬೂದು ಬಣ್ಣದ್ದು ವಿದ್ಯುತ್ ತಂತಿ ರಿಪೇರಿಯವರನ್ನು ಬೆಟ್ಟ ಹತ್ತಿಸುತ್ತಿದ್ದ ಗಿಡ್ಡ ಗಾಡಿ. ಮೂರು ಜನ ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಕೂರಬೇಕು.

ಬಡಗಿಯಾಗಿದ್ದ ಅಪ್ಪ ಹಳದಿ ಲಾರಿಯ ಕೆಳಗೆ ತೂರಿ ಅದರ ಉಕ್ಕಿನ ಚೌಕಟ್ಟನ್ನು ಬೆರಳಲ್ಲಿ ಬಡಿದು ನೋಡಿದ. ಅದರ ಬೆನ್ನ ಮೇಲೆ ಮರದ ಪುಟ್ಟ ಮನೆ ಕಟ್ಟಬೇಕು. ಹಾಸಿಗೆ, ಒಲೆ, ನೀರಿನ ಟ್ಯಾಂಕು. ಬೇಸಿಗೆಯಿಡೀ ಬೆಟ್ಟದ ಕೆರೆಗಳ ದಡದಲ್ಲಿ ಕಳೆಯಬೇಕು. ಈ ಆಸೆ ಹುಟ್ಟಿಸಿದವನು ಮಗ. ಹದಿನಾಲ್ಕು ವರ್ಷದ ಹುಡುಗ. ಕಳೆದ ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಹನ್ನೊಂದನೇ ದಿನ ಆಸ್ಪತ್ರೆಯಿಂದ ಮೂವರೇ ಮನೆಗೆ ಬಂದರು.

“ಹಳದೀನೇ ಮೊದಲು ನೋಡೋಣ,” ಎಂದ ಅಪ್ಪ.

ಅಮ್ಮ ಸ್ಟೀರಿಂಗ್ ಹಿಡಿದಳು. ಹನ್ನೆರಡು ವರ್ಷದಿಂದ ಊರಿನ ಬಸ್ಸು ಓಡಿಸುತ್ತಿದ್ದವಳು. ಭಾರದ ಗಾಡಿ ಅವಳಿಗೆ ಹೊಸದಲ್ಲ. ಮಗಳು ಗುಬ್ಬಿ, ಹತ್ತು ವರ್ಷದವಳು, ಹಿಂದೆ ಕೂತಳು. ಅವಳ ಪಕ್ಕದ ಸೀಟು ಖಾಲಿ. ಅದರ ಬೆಲ್ಟು ಬಾಗಿಲಿಗೆ ಬಡಿದು ಟಕಟಕ ಎನ್ನುತ್ತಿತ್ತು. ಅಪ್ಪ ಹಿಂದಕ್ಕೆ ತಿರುಗಿ, ಕೈ ಚಾಚಿ, ಖಾಲಿ ಸೀಟಿಗೆ ಬೆಲ್ಟು ಬಿಗಿದ. ಅಮ್ಮ ಕನ್ನಡಿಯಲ್ಲಿ ಅದನ್ನು ನೋಡಿ ದೃಷ್ಟಿ ತಿರುಗಿಸಿದಳು.

ದಾರಿ ಮೊದಲು ಕುರುಚಲು ಕಾಡಿನ ನಡುವೆ ಸಾಗಿತು. ನಂತರ ಕಾಡು ಕೆಳಗುಳಿದು, ಒಂದು ಬದಿಗೆ ಬರಿಯ ಬಂಡೆ, ಇನ್ನೊಂದು ಬದಿಗೆ ಬರಿಯ ಗಾಳಿ. ಕಣಿವೆಯ ಆಳದಲ್ಲಿ ಹೊಳೆ ಬಿಳಿ ದಾರದಂತೆ ಕಾಣುತ್ತಿತ್ತು. ಮೊಳಕಾಲೆತ್ತರದ ಕಲ್ಲುಗಳನ್ನು ಹಳದಿ ಲಾರಿ ಲೆಕ್ಕಕ್ಕೇ ಇಡದೆ ಹತ್ತಿಳಿಯಿತು. ಆರು ತಿರುವು ದಾಟಿದವು.

ಏಳನೆಯದು ಕತ್ತರಿಯಂತಿತ್ತು.

ಲಾರಿಯ ಮೂತಿ ಬಂಡೆಗೆ ತಾಗುವಂತಾಯಿತು. ಅಮ್ಮ ರಿವರ್ಸ್ ಹಾಕಿದಳು. ಒಂದು ಗೇಣು. ಇನ್ನೊಂದು ಗೇಣು.

ಹಿಂಬದಿಯ ಮಣ್ಣು ಕುಸಿಯಿತು.

ಲಾರಿ ಧಡಕ್ಕನೆ ವಾಲಿತು. ಹಿಂದಿನ ಚಕ್ರವೊಂದು ಗಾಳಿಯಲ್ಲಿ ತಿರುಗುತ್ತಿತ್ತು.

“ಯಾರೂ ಅಲ್ಲಾಡ್ಬೇಡಿ!” ಅಮ್ಮನ ಎರಡು ಕಾಲೂ ಬ್ರೇಕಿನ ಮೇಲಿದ್ದವು. “ರೀ, ಬಂಡೆ ಕಡೆ ಬಾಗಿಲಿಂದ ಗುಬ್ಬೀನ ಇಳಿಸಿ. ಮೆಲ್ಲಗೆ.”

“ನೀನು?”

“ನಾನು ಕಾಲೆತ್ತಿದ್ರೆ ಗಾಡಿ ಹೋಗುತ್ತೆ. ಮೊದ್ಲು ಅವಳನ್ನ ಇಳಿಸಿ ಅಂದ್ನಲ್ಲಾ!”

ಅಪ್ಪ ಮಗಳನ್ನು ಎತ್ತಿ ಇಳಿಸಿದ. ಲಾರಿಯ ಮುಂಭಾಗದಲ್ಲಿ ಹಗ್ಗ ಸುತ್ತಿ ಎಳೆಯುವ ವಿಂಚಿನಿಂದ ಉಕ್ಕಿನ ಹಗ್ಗ ಎಳೆದುಕೊಂಡು ಮೇಲಕ್ಕೆ ಓಡಿದ. ಮೊದಲು ಸುತ್ತಿದ ಕಲ್ಲು ಬುಡಸಮೇತ ಅಲುಗಿತು. ಬಿಚ್ಚಿದ. ಅಂಗೈ ಸುಲಿದು ರಕ್ತ ಬಂತು. ಆನೆಗಾತ್ರದ ಇನ್ನೊಂದು ಬಂಡೆಗೆ ಸುತ್ತಿ ಕೊಂಡಿ ಸಿಕ್ಕಿಸಿದ.

“ಎಳಿ!”

ವಿಂಚು ಗುರ್ರೆಂದಿತು. ಹಗ್ಗ ಬಿಗಿದು ಕಿರುಗುಟ್ಟಿತು. ಮತ್ತಷ್ಟು ಮಣ್ಣು ಕಣಿವೆಗೆ ಸುರಿಯಿತು. ಗುಬ್ಬಿ ಕಿವಿ ಮುಚ್ಚಿಕೊಂಡು ಬಂಡೆಗೆ ಅಂಟಿ ನಿಂತಿದ್ದಳು. ಚಕ್ರ ಅಂಚಿಗೆ ತಾಗಿತು, ಜಾರಿತು, ಮತ್ತೆ ತಾಗಿತು, ಕೊನೆಗೆ ದಾರಿಯ ಮೇಲಕ್ಕೆ ಉರುಳಿತು.

ಅಮ್ಮ ಇಳಿದು ಬಂದಳು. ಅಪ್ಪ ದಾರಿಯ ಮೇಲೆಯೇ ಕೂತುಬಿಟ್ಟಿದ್ದ.

“ಇನ್ನೊಂದ್ಸಲ ಬೇರೆ ಥರ ತಿರುಗಿಸಿ ನೋಡೋಣ,” ಎಂದ ಅಪ್ಪ.

“ತಲೆ ಕೆಟ್ಟಿದೆಯಾ ನಿಮಗೆ? ಇಷ್ಟುದ್ದದ ಗಾಡಿ ಈ ಬೆಟ್ಟಕ್ಕೆ ಆಗಲ್ಲ ರೀ. ಆ ಬೂದು ಗಾಡಿಯಾದ್ರೆ...”

“ಅದ್ರಲ್ಲಿ ಮೂರೇ ಸೀಟು ಕಣೇ.”

ಅಮ್ಮ ಅವನ ಪಕ್ಕದಲ್ಲಿ ಕುಸಿದು ಕೂತಳು. “ನಾವು ಮೂರೇ ಜನ.”

ಎಂಟು ತಿಂಗಳಲ್ಲಿ ಮನೆಯಲ್ಲಿ ಯಾರೂ ಆ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅಪ್ಪ ಸುಲಿದ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

“ಅವನ ಜಾಗ ನಾನೇ ತೆಗೆದುಬಿಟ್ಟ ಹಾಗಾಗುತ್ತೆ,” ಎಂದ. “ಅದು ನನ್ನ ಕೈಲಾಗ್ತಿಲ್ಲ.”

“ಅಪ್ಪಾ,” ಗುಬ್ಬಿ ಬಿಕ್ಕುತ್ತಿದ್ದಳು. “ಅಮ್ಮನೂ ಹೋಗ್ಬಿಡ್ತಾಳೆ ಅಂದ್ಕೊಂಡೆ.”

ಅವನು ತಲೆಯೆತ್ತಿ ಮಗಳ ಮುಖ ನೋಡಿದ. ಧೂಳಿನ ಮೇಲೆ ಕಣ್ಣೀರಿನ ಗೆರೆಗಳು. ಈ ಎಂಟು ತಿಂಗಳು ಈ ಮುಖವನ್ನು ತಾನು ಸರಿಯಾಗಿ ನೋಡಿಯೇ ಇಲ್ಲವೆಂದು ಅವನಿಗೆ ಹೊಳೆಯಿತು. ಅವಳನ್ನು ಎಳೆದು ಎದೆಗವುಚಿಕೊಂಡ. ಅಮ್ಮ ಇಬ್ಬರನ್ನೂ ತಬ್ಬಿಕೊಂಡಳು. ಮೂವರೂ ದಾರಿಯ ನಡುವೆ ಕೂತು, ಆಸ್ಪತ್ರೆಯಲ್ಲೂ ಅಳದಷ್ಟು ಅತ್ತರು.

ಆಮೇಲೆ ಅಪ್ಪ ಎದ್ದು ಮೂಗೊರೆಸಿಕೊಂಡ. “ನಾನು ಹಿಂದೆ ನಿಂತು ಕೈ ತೋರಿಸ್ತೀನಿ. ನೀನು ನನ್ನನ್ನೇ ನೋಡ್ಕೊಂಡು ಇಳಿಸು.” ಆರನೇ ತಿರುವಿನ ಬಯಲಿನವರೆಗೂ ಅಮ್ಮ ಅಷ್ಟು ದೊಡ್ಡ ಲಾರಿಯನ್ನು ಅಂಗುಲ ಅಂಗುಲವಾಗಿ ರಿವರ್ಸ್‌ನಲ್ಲೇ ಇಳಿಸಿದಳು.

ಮಧ್ಯಾಹ್ನ ಗ್ಯಾರೇಜಿನಿಂದ ಬೂದು ಲಾರಿ ಹೊರಟಿತು. ಏಳನೇ ತಿರುವಿನಲ್ಲಿ ಅಮ್ಮ ಸ್ಟೀರಿಂಗ್ ಪೂರ್ತಿ ತಿರುಗಿಸಿದಳು. ಕುಸಿದ ಅಂಚಿಗೆ ಎರಡು ಮೊಳ ಜಾಗ ಬಿಟ್ಟು ಗಾಡಿ ಒಂದೇ ಸಲಕ್ಕೆ ಹೊರಳಿತು. ಕಲ್ಲುಗಣಿಯ ನೆತ್ತಿಯಲ್ಲಿ ಗಾಳಿ ಕಿವಿಗಡಚಿಕ್ಕುತ್ತಿತ್ತು. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮಸುಕು ನೀಲಿ. ನಡುನಡುವೆ ಕೆರೆಗಳು ತಗಡಿನ ಚೂರುಗಳಂತೆ ಮಿನುಗುತ್ತಿದ್ದವು. ಗುಬ್ಬಿ ಎಣಿಸಿದಳು: ಐದು. ಇದನ್ನು ನೋಡಬೇಕಾದವನು ಇರಲಿಲ್ಲ. ಮೂವರೂ ಅದನ್ನೇ ಯೋಚಿಸುತ್ತಾ ನಿಂತರು.

ಸಂಜೆಗೆ ಗ್ಯಾರೇಜು ಮುಟ್ಟಿದಾಗ ಮೇಸ್ತ್ರಿ ಗೇಟಿನಲ್ಲೇ ಕಾಯುತ್ತಿದ್ದ.

“ಬೂದು,” ಎಂದ ಅಪ್ಪ.

“ಹಳದೀಲಿ ಜಾಗ ಜಾಸ್ತಿ ಇತ್ತಲ್ಲಾ?”

“ಇತ್ತು. ನಮಗೊಬ್ಬ ಮಗ ಇದ್ದ. ಅವನಿಗೋಸ್ಕರ ಅದನ್ನ ನೋಡ್ತಿದ್ದೆ.” ಅಪ್ಪನ ದನಿ ಒಡೆಯಿತು, ಆದರೆ ಮಾತು ಪೂರ್ತಿಯಾಯಿತು.

ಮೇಸ್ತ್ರಿ ಒಳಗೆ ಹೋಗಿ ಚಹಾ ತಂದ. ಆಮೇಲೆ ತಾನೇ ಬಗ್ಗಿ ನಾಲ್ಕೂ ಚಕ್ರಗಳ ಗಾಳಿ ನೋಡಿ, ದಾರಿಗೆ ಬಿಟ್ಟ.

ಮನೆಯ ರಸ್ತೆಯಲ್ಲಿ ಗುಬ್ಬಿ ನಡುವೆ ಕೂತು ಅಪ್ಪನ ತೋಳಿಗೆ ಒರಗಿ ನಿದ್ದೆಹೋದಳು. ಗಾಡಿ ಹಳ್ಳಕೊಳ್ಳ ಹತ್ತಿಳಿಯುವಾಗಲೆಲ್ಲ ಮೂವರ ಭುಜಗಳೂ ಒಂದಕ್ಕೊಂದು ತಾಗುತ್ತಿದ್ದವು.