ಬೋರಣ್ಣನಿಗೆ ಹಾಕದ ಮೂರನೇ ಬಾಟ್ಲಿ

ಡಾಕ್ಟರ್ ಕದಿರಯ್ಯನವರಿಗೂ ನನಗೂ ಮೊದಲ ಜಗಳ ಆಗಿದ್ದು ಒಂದು ಬಾಟ್ಲಿ ಸಲೈನ್ ವಿಷಯಕ್ಕೆ.

ಅದಕ್ಕೆ ಮುಂಚೆ ಜಗಳವಾಡುವಷ್ಟು ಮಾತೇ ಇರಲಿಲ್ಲ. ಪ್ರತಿ ಸೋಮವಾರ ಪಾವಗಡದ ಮನೆಯಿಂದ ಬರುವಾಗ ಹುರಿದ ಕಡಲೆಕಾಯಿ ಪೊಟ್ಟಣ ತಂದು "ಸ್ಟಾಫಿಗೆ" ಅಂತ ನರ್ಸಾಗಿದ್ದ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಯಾರಿಗೂ ಹೇಳದೆ ಪೂರ್ತಿ ನಾನೇ ತಿನ್ನುತ್ತಿದ್ದೆ.

೧೯೮೫ರಲ್ಲಿ ಮಧುಗಿರಿಯ ನಮ್ಮ ನರ್ಸಿಂಗ್ ಹೋಮಿನಲ್ಲಿ ಉಸಿರಾಟದ ಮೆಷಿನ್ ಎಲ್ಲಿತ್ತು? ನಾಗರಹಾವು ಕಚ್ಚಿ ಉಸಿರು ನಿಂತವರಿಗೆ ಗಂಟಲಿಗೆ ಟ್ಯೂಬ್ ಹಾಕಿ, ಕೈಯಲ್ಲೇ ರಬ್ಬರ್ ಚೀಲ ಒತ್ತಬೇಕಿತ್ತು. ಆ ಮಧ್ಯಾಹ್ನ ಹಾಗೆ ಹಾವು ಕಚ್ಚಿಸಿಕೊಂಡು ಬಂದವನು ಕುರಿ ಕಾಯುವ ಬೋರಣ್ಣ. ಡಾಕ್ಟರು ಚೀಲ ಒತ್ತುತ್ತಿದ್ದರು, ನಾನು ನಾಡಿ ಹಿಡಿದಿದ್ದೆ. ವಿಷಕ್ಕೆ ಇಂಜೆಕ್ಷನ್ ಕೊಟ್ಟು, ಎರಡು ಬಾಟ್ಲಿ ಸಲೈನ್ ಹೋದರೂ ಬಿ.ಪಿ. ಎಂಬತ್ತು ದಾಟಲಿಲ್ಲ.

"ಇನ್ನೊಂದು ಬಾಟ್ಲಿ ಹಾಕ್ರವ್ವಾ," ಅಂತ ಅವನ ಹೆಂಡತಿ ಜುಂಜಮ್ಮ ಅಂಗಲಾಚಿದಳು. "ಬಾಟ್ಲಿ ಇಳಿಸ್ಬುಟ್ರೆ ಕೈ ಬುಟ್ಟಂಗೇ ಅಲ್ವಾ?"

ನಮ್ಮ ಕಡೆ ಎಲ್ಲರ ನಂಬಿಕೆಯೂ ಅದೇ.

"ಹಾಕಿ ಸಿಸ್ಟರ್," ಅಂದರು ಡಾಕ್ಟರು.

"ಹಾಕಲ್ಲ ಸಾರ್."

ತಲೆಯೆತ್ತಿ ನೋಡಿದರು. ಅಬ್ಬಾ, ಆ ನೋಟ! ಒಂದು ವರ್ಷದಿಂದ ನಾನು ಕದ್ದು ನೋಡುತ್ತಿದ್ದ ಕಣ್ಣುಗಳು, ನೇರವಾಗಿ ಸಿಕ್ಕಿದ್ದು ಕೋಪದಲ್ಲಿ.

"ಮೈಯಲ್ಲಿ ನೀರು ಸಾಲದಿದ್ರೆ ಚೀಲ ಒತ್ತಿದಾಗೆಲ್ಲ ನಾಡಿ ಕುಗ್ಗುತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು. ಬಂದಾಗ ಕುಗ್ತಿತ್ತು, ಈಗ ಒಂದೇ ಸಮ ಇದೆ. ಎದೇಲಿ ಗೊರಗೊರ ಬೇರೆ, ಇನ್ನೂ ಹಾಕಿದ್ರೆ ಶ್ವಾಸಕೋಶಕ್ಕೆ ನೀರು ತುಂಬುತ್ತೆ."

"ನಿಮ್ಮ ಬೆರಳು ನಂಬ್ಕೊಂಡು ಒಂದು ಜೀವ ಪಣಕ್ಕಿಡೋಕಾಗುತ್ತಾ?"

"ನಂಬಬೇಡಿ. ಅವನ ಕಾಲು ಮೇಲೆತ್ತಿ ನೋಡಿ. ಕಾಲಿನ ರಕ್ತ ಎದೆಗಿಳಿದು ಬಿ.ಪಿ. ಏರಿದ್ರೆ ಹಾಕ್ತೀನಿ. ಏರದಿದ್ರೆ ಕಾಲು ಇಳಿಸಿದ್ರಾಯ್ತು. ಬಾಟ್ಲಿ ಹಂಗಲ್ಲ, ಒಳಗೆ ಹೋದದ್ದು ವಾಪಸ್ ಬರಲ್ಲ."

ಜುಂಜಮ್ಮನೇ ಗಂಡನ ಕಾಲೆತ್ತಿ ಹಿಡಿದಳು. ಒಂದು ನಿಮಿಷ ಕಾದೆವು. ಎಂಬತ್ತೇ.

ಡಾಕ್ಟರು ಬಿ.ಪಿ. ಏರಿಸುವ ಔಷಧವನ್ನಷ್ಟೇ ಹನಿ ಹನಿಯಾಗಿ ಬಿಟ್ಟರು. ಜುಂಜಮ್ಮ ನನಗೆ ಹಿಡಿಶಾಪ ಹಾಕಿದಳು. ಬೋರಣ್ಣ ಸತ್ತರೆ ನಾನೇ ಕೊಂದಂತೆ ಅಂತ ನನಗೂ ಗೊತ್ತಿತ್ತು. ಅವನ ನಾಡಿಯಿಂದ ಬೆರಳು ತೆಗೆಯಲೇ ಇಲ್ಲ.

ಸಂಜೆಗೆ ಬಿ.ಪಿ. ನೂರಕ್ಕೆ ಬಂತು. ಮೂರನೆಯ ದಿನ ಬೋರಣ್ಣ ತಾನೇ ಉಸಿರಾಡಿದ. ಜುಂಜಮ್ಮ ನನ್ನ ಮುಖ ನಿವಾಳಿಸಿ ಲಟಿಕೆ ಮುರಿದಳು. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವಾ."

ಸೋಮವಾರ ಮತ್ತೆ ಪೊಟ್ಟಣ ಬಂತು.

"ಸ್ಟಾಫಿಗಾ ಸಾರ್?"

"ಅಲ್ಲ." ಅವರ ಕಿವಿ ಕೆಂಪಾಯಿತು. "ಯಾವತ್ತೂ ಅಲ್ಲ. ಒಂದು ವರ್ಷದಿಂದ ನಾನೂ ಪರೀಕ್ಷೆ ಮಾಡ್ತಾನೇ ಇದೀನಿ ರಾಜಲಕ್ಷ್ಮಮ್ಮ, ಕಡಲೆಕಾಯಿ ಇಟ್ಟು. ನಿಮ್ಮ ಮುಖದಲ್ಲಿ ಒಂದು ಚೂರೂ ಗೊತ್ತಾಗಲ್ಲ. ಬಾಯಿಬಿಟ್ಟು ಹೇಳಿದ್ಮೇಲೆ ಅದೂ ವಾಪಸ್ ಬರಲ್ವಲ್ಲ."

ನಾನು ಅವರ ಬೆರಳು ಹಿಡಿದು ನನ್ನ ಮಣಿಕಟ್ಟಿನ ಮೇಲಿಟ್ಟೆ.

"ನಾಡಿ ಎಷ್ಟಿದೆ?"

"ನೂರಾ ಮೂವತ್ತು," ಅಂದರು, ಗಡಿಯಾರ ನೋಡದೆಯೇ.

"ಹಂಗಾದ್ರೆ ಹೇಳ್ಬುಡಿ ಸಾರ್," ಅಂದೆ. "ಈ ಪೇಷೆಂಟಿಗೆ ಬಾಟ್ಲಿ ಹಾಕಬಹುದು."