ಹಾರ್ಪದ ಹೊಟ್ಟೆಯೊಳಗಿನ ಹೆಸರು

"ನೋಡು ಸಿಗ್ನೆ, ಒಂದಾದರೂ ಅಲ್ಲಾಡುತ್ತಾ ನೋಡು!"

ಟೋರ್ಕೆಲ್ ತಾನು ಮಾಡಿದ ಹಾರ್ಪವನ್ನು ನನ್ನ ಬೆಂಚಿನ ಮೇಲಿಟ್ಟು ಎದೆಯುಬ್ಬಿಸಿ ನಿಂತ. ನಾನು ಒಂದು ಎಲೆಯನ್ನು ಬೆರಳಲ್ಲಿ ತಿರುಗಿಸಲು ನೋಡಿದೆ. ತಿರುಗಲಿಲ್ಲ. ಪಕ್ಕದ್ದೂ ಇಲ್ಲ.

"ಅಂಟು ಹಾಕಿದೀಯಾ?"

"ಮೂವತ್ತೇಳಕ್ಕೂ! ಭಾನುವಾರ ಪೂರ್ತಿ ಕೂತು."

ನಮ್ಮ ಹಾರ್ಪ ಪಿಟೀಲಿನ ಹಾಗೆ ಬಿಲ್ಲಿನಿಂದ ನುಡಿಸುವ ವಾದ್ಯ, ಆದರೆ ಇದರಲ್ಲಿ ಬೆರಳು ತಂತಿಯನ್ನು ಮುಟ್ಟುವುದಿಲ್ಲ. ಒಂದು ಕೈ ಬಿಲ್ಲು ಎಳೆಯುತ್ತದೆ, ಇನ್ನೊಂದು ಮರದ ಕೀ ಒತ್ತುತ್ತದೆ. ಆ ಕೀಯ ಬೆನ್ನ ಮೇಲೆ ನಿಂತ ಪುಟ್ಟ ಮರದ ಚೂರು ಹೋಗಿ ತಂತಿಗೆ ತಾಗಿದರೆ ಸ್ವರ. ಆ ಚೂರಿಗೆ ನಾವು ಎಲೆ ಅನ್ನುತ್ತೇವೆ. ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿಯೇ ಶ್ರುತಿ ಕೂರಿಸಬೇಕು. ಇವನೋ ಕಿಟಕಿ ಫ್ಯಾಕ್ಟರಿಯ ಬಡಗಿ. ಅಲ್ಲಾಡುವುದನ್ನೆಲ್ಲ ಭದ್ರ ಮಾಡುವುದೇ ಹನ್ನೆರಡು ವರ್ಷದ ಕಸುಬು.

"ಪೆದ್ದೇ, ಇದು ಕಿಟಕಿ ಅಲ್ಲ ಕಣೋ!"

"ಬೈಬೇಡವೇ ಸಿಗ್ನೆ," ಅಂದಳು ಮೂಲೆಯಲ್ಲಿ ಕೂತು ಮರಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದ ಮುದುಕಿ ಹುಲ್ಡಾ. "ಜನವರಿಯಲ್ಲಿ ಅವನ ಹಾರ್ಪದೊಳಗೆ ಗಾಳಿ ನುಗ್ಗಲ್ಲ ಬಿಡು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಬ್ಬಿಣದ ಕಾರ್ಖಾನೆ ಮುಚ್ಚಿದ ಊರು ನಮ್ಮದು, ಸ್ವೀಡನ್ನಿನ ಉಪ್ಲಾಂಡಿನಲ್ಲಿ. ಕುಲುಮೆ ಆರಿತು, ಕೈಗಳು ಸುಮ್ಮನಿರಲಿಲ್ಲ. ಮಂಗಳವಾರ, ಗುರುವಾರ ಸಂಜೆ ಎಂಟು ಜನ ಮಾಸ್ತರ್ ಎಲೋಫರ ಕಾರ್ಯಾಗಾರದಲ್ಲಿ ಸೇರಿ ಹಾರ್ಪ ಕಟ್ಟುತ್ತಿದ್ದರು. ಕಲಿಸುವವಳು ನಾನು. ಬೋರ್ಡಿನ ಮೇಲೆ ಹೆಸರು ಮಾಸ್ತರರದು.

ಅಂದಿನಿಂದ ಟೋರ್ಕೆಲ್ ದಿನವೂ ಬಂದ. ಕಾಸಿದ ಚಾಕುವಿನ ತುದಿ, ಒಂದು ಹನಿ ನೀರು, ತುಂಬ ತಾಳ್ಮೆ. ಚರ್ಮ ಕುದಿಸಿ ಮಾಡಿದ ಅಂಟು ಬಿಸಿ ತಾಗಿದರೆ ನಿಧಾನಕ್ಕೆ ಸಡಿಲಾಗುತ್ತದೆ. ಮೇ ತಿಂಗಳ ಸಂಜೆಬಿಸಿಲು ಕಿಟಕಿಯಿಂದ ಬಂದು ಅವನ ರೆಪ್ಪೆಗಂಟಿದ ಮರದ ಪುಡಿಯನ್ನು ಹೊಳೆಯಿಸುತ್ತಿತ್ತು. ನಾನು ಚಾಕು ನೋಡುವ ನೆಪದಲ್ಲಿ ಅದನ್ನು ನೋಡುತ್ತಿದ್ದೆ.

ಹನ್ನೊಂದನೆಯ ಎಲೆ ಬಿಡಿಸುವಾಗ ಅವನ ಹೆಬ್ಬೆರಳು ನನ್ನ ಮಣಿಕಟ್ಟಿಗೆ ತಾಗಿತು. ಇಬ್ಬರೂ ಏನೂ ಆಗದವರ ಹಾಗೆ ಇದ್ದೆವು. ಹನ್ನೆರಡನೆಯದಕ್ಕೆ ನಾವು ತೆಗೆದುಕೊಂಡ ಹೊತ್ತು ನೋಡಿ ಹುಲ್ಡಾ ಜೋರಾಗಿ ಕೆಮ್ಮಿದಳು.

ಮೂವತ್ತೇಳೂ ಮುಗಿದವು. ಮರುದಿನ ಮತ್ತೆ ಬಂದ.

"ಇನ್ನೆರಡು ಉಳಿದಿವೆ."

ಮುಟ್ಟಿದೆ. ಬೆರಳಿಗೆ ಮೆತ್ತಿಕೊಂಡಿತು.

"ಟೋರ್ಕೆಲ್, ಇದು ಹಸಿ ಅಂಟು."

ಅವನ ಕಿವಿ ಬೀಟ್‌ರೂಟ್ ಆಯಿತು. "ಫ್ಯಾಕ್ಟರಿ ಬಿಟ್ಟ ಮೇಲೆ ಕಾಲು ಮನೆ ಕಡೆ ಹೋಗ್ಲೇ ಇಲ್ಲ."

"ಅದಕ್ಕೆ ಎರಡು ಎಲೆ ಬಲಿ ಕೊಟ್ಟೆಯಾ? ಕಾಫಿ ಕುಡಿಯೋಕೆ ಬಂದೆ ಅಂದಿದ್ರೆ ಸಾಕಾಗಿತ್ತು."

"ಹಾಗೆ ಅನ್ನಬಹುದಿತ್ತಾ?"

"ಈಗ ಅನ್ನು."

"ಕಾಫಿ ಕುಡಿಯೋಕೆ ಬಂದೆ," ಅಂದ, ನ್ಯಾಯಾಧೀಶರ ಮುಂದೆ ತಪ್ಪು ಒಪ್ಪಿಕೊಳ್ಳುವವನ ಹಾಗೆ.

ದಾಲ್ಚಿನ್ನಿ ಬನ್ನು ಕಚ್ಚುತ್ತ ಗೋಡೆಗೆ ಒರಗಿಸಿದ್ದ ಒಂದು ಹಾರ್ಪದ ಸಂದಿಯೊಳಗೆ ಇಣುಕಿದ. "ಇದು ನೀನು ಮಾಡಿದ್ದಲ್ವಾ? ಒಳಗೆ ಎಲೋಫ್ ಅಂತ ಚೀಟಿ ಇದೆಯಲ್ಲ."

ಆರು ವರ್ಷ. ಹತ್ತೊಂಬತ್ತು ಹಾರ್ಪ. ಮರ ಆರಿಸಿದ್ದು, ತಟ್ಟಿ ನೋಡಿದ್ದು, ಕೊರೆದದ್ದು, ಬೆರಳು ಕುಯ್ದುಕೊಂಡದ್ದು ನಾನು. ಕೊನೆಯ ದಿನ ಉದ್ದನೆಯ ಚಿಮಟದಲ್ಲಿ ಚೀಟಿ ಹಿಡಿದು ಒಳಗೆ ಅಂಟಿಸುವುದು ಮಾತ್ರ ಮಾಸ್ತರರ ಕೆಲಸ. ಹೆಂಗಸು ಮಾಡಿದ್ದು ಅಂದರೆ ಯಾರೂ ಕೊಳ್ಳುವುದಿಲ್ಲವಂತೆ. ದುಡಿದ ಕೈ ಒಂದು, ಮೆರೆಯುವ ಹೆಸರು ಇನ್ನೊಂದು. ಕುಲುಮೆಯ ಕಾಲದಿಂದಲೂ ಈ ಊರು ಉಸಿರಾಡುತ್ತ ಬಂದ ಹೊಗೆ ಇದೇ. ನನ್ನ ಇಪ್ಪತ್ತನೆಯದು ಮುಗಿಯುತ್ತ ಬಂದಿತ್ತು. ಅದರೊಳಗಾದರೂ ನನ್ನ ಹೆಸರು ಇರಬೇಕೆಂಬ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೇಳಿದೆ.

ಟೋರ್ಕೆಲ್ ಲೋಟ ಕುಕ್ಕಿದ. "ನಾಳೆನೇ ಎಲೋಫ್ ಹತ್ರ ಮಾತಾಡ್ತೀನಿ. ನಿನ್ನ ಹೆಸರು ಹಾಕಿಸೇ ಹಾಕಿಸ್ತೀನಿ."

"ಹಾಕಿಸೋಕೆ ನೀನ್ಯಾರು?"

ಅವನು ಕಣ್ಣುಕಣ್ಣು ಬಿಟ್ಟ.

"ಒಬ್ಬ ಗಂಡಸು ಕಿತ್ತುಕೊಂಡದ್ದನ್ನ ಇನ್ನೊಬ್ಬ ಗಂಡಸು ವಾಪಸ್ ಕೊಡಿಸಬೇಕಾ? ಆಮೇಲೆ ಜೀವನಪೂರ್ತಿ ನಿನಗೆ ಥ್ಯಾಂಕ್ಸ್ ಹೇಳ್ತಾ ಇರಬೇಕಾ?"

ಕಚ್ಚಿದ ಬನ್ನನ್ನು ಕೆಳಗಿಟ್ಟ. ಈಗ ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ.

"ಸರಿ. ನಾನು ಬಾಯಿ ಮುಚ್ಕೊಂಡಿರ್ತೀನಿ. ಪಕ್ಕದಲ್ಲಿ ನಿಂತ್ಕೋಬಹುದಾ?"

"ನಿಂತ್ಕೋ."

ಜೂನ್ ತಿಂಗಳ ವಾದಕರ ಮೇಳದ ಬೆಳಿಗ್ಗೆ, ನಾವೆಲ್ಲ ಹೊರಡಲು ಕಾರ್ಯಾಗಾರದಲ್ಲಿ ಸೇರಿದ್ದಾಗ, ಮಾಸ್ತರ್ ಎಲೋಫ್ ಕೋಟು ತೊಟ್ಟು, ಚಿಮಟ, ಚೀಟಿ ಹಿಡಿದು ಬಂದರು. ನನ್ನ ಇಪ್ಪತ್ತನೆಯದು ಬೆಂಚಿನ ಮೇಲಿತ್ತು. ಅದರ ಸಂದಿಯ ಮೇಲೆ ಅಂಗೈ ಮುಚ್ಚಿದೆ.

"ಬೇಡ ಮಾಸ್ತರ್. ಒಳಗೆ ಆಗಲೇ ಚೀಟಿ ಇದೆ. ನನ್ನದು."

"ಕೈ ತೆಗಿ ಹುಡುಗಿ. ಸೂರು ನನ್ನದು, ಉಳಿ ನನ್ನದು, ಬೆಂಚೂ ನನ್ನದು."

"ಹಾಗಾದ್ರೆ ಬೆಂಚಿಗೆ ಅಂಟಿಸಿ."

ಹುಲ್ಡಾ ಕಿಸಕ್ಕೆಂದಳು. ಮಾಸ್ತರರ ಮುಖ ಕೆಂಪಾಯಿತು. "ಇವತ್ತೇ ಜಾಗ ಖಾಲಿ ಮಾಡು!"

ನನ್ನ ಅಂಗೈ ಅಲ್ಲಾಡಲಿಲ್ಲ. ಓರೆಗಣ್ಣಲ್ಲಿ ನೋಡಿದೆ. ಟೋರ್ಕೆಲ್ ಎರಡೂ ಕೈ ಜೇಬಿಗೆ ತುರುಕಿ, ತುಟಿ ಕಚ್ಚಿ, ಮಾತು ನುಂಗಿ ನುಂಗಿ ಊದಿಕೊಂಡು ನಿಂತಿದ್ದ. ಅಷ್ಟು ಕಷ್ಟಪಟ್ಟು ಯಾರೂ ನನ್ನ ಮಾತನ್ನು ನನಗೇ ಬಿಟ್ಟುಕೊಟ್ಟಿರಲಿಲ್ಲ.

"ನನ್ನ ಕೊಟ್ಟಿಗೆ ಖಾಲಿ ಇದೆ," ಹುಲ್ಡಾ ಎದ್ದಳು. "ಹಸು ಮಾರಿ ಎರಡು ವರ್ಷ ಆಯ್ತು. ಸ್ವಲ್ಪ ವಾಸನೆ ಬರುತ್ತೆ, ಅಷ್ಟೇ." ತನ್ನ ಅರ್ಧಂಬರ್ಧ ಹಾರ್ಪವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರನಡೆದಳು. ಒಬ್ಬರ ಹಿಂದೆ ಒಬ್ಬರು ಉಳಿದವರೂ ಎದ್ದು ಹೊರಟರು.

ಮೇಳದ ಹುಲ್ಲುಹಾಸಿನಲ್ಲಿ ನನ್ನ ಹಾರ್ಪವನ್ನು ಮೇಜಿನ ಮೇಲಿಟ್ಟೆ. ಉತ್ತರದ ಕಡೆಯಿಂದ ಬಂದ ಒಬ್ಬ ಮುದುಕ ವಾದಕ ಅದನ್ನೆತ್ತಿ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಬಿಲ್ಲೆಳೆದ. ಒಮ್ಮೆ ಎಳೆದವನು ಕಣ್ಣುಮುಚ್ಚಿ ಪೊಲ್‌ಸ್ಕಾ ಕುಣಿತದ ಒಂದು ಇಡೀ ಹಾಡನ್ನು ನುಡಿಸಿಯೇ ಬಿಟ್ಟ. ಕುಣಿಯುವವರು ಕುಣಿದೇ ಬಿಟ್ಟರು. ಆಮೇಲೆ ಕನ್ನಡಕ ಏರಿಸಿ ಒಳಗೆ ಇಣುಕಿದ.

"ಸಿಗ್ನೆ ಪುಸೆಟ್. ಯಾರಪ್ಪ ಇದು?"

"ನಾನೇ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ನೊಂದು ಮಾಡ್ತೀಯಾ? ಚಳಿಗಾಲದೊಳಗೆ?" ಅಂದ. ಆಮೇಲೆ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಹೊಳೆಯುತ್ತಿದ್ದ ಟೋರ್ಕೆಲ್ ಕಡೆ ತಿರುಗಿದ. "ನೀನು ಯಾರಯ್ಯ?"

"ನಾನಾ? ನಾನು..." ಟೋರ್ಕೆಲ್ ತಡವರಿಸಿ ನನ್ನತ್ತ ನೋಡಿದ. ಆ ನೋಟದಲ್ಲಿ ಒಂದು ಪ್ರಶ್ನೆಯಿತ್ತು. ಉತ್ತರ ಎಷ್ಟು ತಡವಾದರೂ ಕಾಯುತ್ತೇನೆ ಅನ್ನುವ ಮಾತೂ ಇತ್ತು.

ಕಾಯಿಸಲಿಲ್ಲ. ಅವನ ಜೇಬಿನಿಂದ ಕೈಯನ್ನು ಹೊರಗೆಳೆದು ಹಿಡಿದುಕೊಂಡೆ.

"ಇವನು ನನ್ನವನು," ಅಂದೆ, ಇಡೀ ಹುಲ್ಲುಹಾಸಿಗೆ ಕೇಳುವಷ್ಟು ಗಟ್ಟಿಯಾಗಿ.