ತಂಗಿ ಗೀರಿದ ಗಾಜು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ದೂರು ಬಂತು. ಬೆಳಕು ಸೂಸುವ ವಸ್ತುಗಳನ್ನು ಅಳೆಯುವ ಪ್ರಯೋಗಾಲಯದಲ್ಲಿ ಹೆಬ್ಬೆರಳಗಲದ ಚೌಕ ಗಾಜೊಂದನ್ನು ಯಾರೋ ಬದಲಾಯಿಸಿದ್ದರು. ಅಸಲಿ ಗಾಜಿಗೆ ಹೊಳೆಯುವ ಲೇಪ ಹಚ್ಚಿದ ಹುಡುಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಲೇಪದ ಹದ ಅವಳ ಕೈಯೊಂದಿಗೇ ಹೋಗಿತ್ತು.

"ಗಾಜಿನ ಚೂರಿಗೂ ಎಫ್‌ಐಆರಾ ಸಾರ್? ನಾಳೆ ಬಲ್ಬು ಹೋಯ್ತು ಅಂತ ಬರ್ತಾರೆ," ಎಂದ ಪೇದೆ.

"ಬರ್ಕೊಳಯ್ಯ," ಎಂದರು ಇನ್‌ಸ್ಪೆಕ್ಟರ್.

ಪ್ರಯೋಗಾಲಯದ ಮುಖ್ಯಸ್ಥರು ಕತ್ತಲೆ ಕೋಣೆಯಲ್ಲಿ ಬದಲಿ ಗಾಜಿನ ಮೇಲೆ ನೇರಳೆ ಕಿರಣ ಬಿಟ್ಟರು. ಗಾಜು ಹಸಿರಾಗಿ ಹೊಳೆಯಿತು.

"ಹೊಳೀತಿದೆಯಲ್ಲ?" ಎಂದರು ಇನ್‌ಸ್ಪೆಕ್ಟರ್.

"ಕಣ್ಣಿಗೆ ಒಂದೇ. ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ ಅಳೆದ್ರೆ ಬೇರೆ. ಇದು ಅವಳದ್ದಲ್ಲ."

"ಅಸಲಿಯನ್ನ ಏನು ಮಾಡೋರಿದ್ರಿ?"

"ಆಯಸ್ಸಿನ ಪರೀಕ್ಷೆ. ಬೆಳಕು ಸಾಯೋವರೆಗೂ ಕಿರಣ ಬಿಡೋದು. ಎಷ್ಟು ಬಾಳುತ್ತೆ ಅಂತ ಹಾಗೇ ತಿಳಿಯೋದು."

ಇನ್‌ಸ್ಪೆಕ್ಟರ್ ಗಾಜನ್ನು ತಿರುಗಿಸಿದರು. ಹಿಂಬದಿಯ ಬಲಮೂಲೆಯಲ್ಲಿ ಸಣ್ಣ ಗೀರು.

"ಇದೇನು?"

"ಲೇಪ ಯಾವ ಕಡೆ ಅಂತ ಗುರುತು. ಒಬ್ಬೊಬ್ಬರದ್ದು ಒಂದೊಂದು ಮೂಲೆ. ಆ ಹುಡುಗಿ ಎಡಚಿ, ಎಡಕ್ಕೆ ಗೀರ್ತಿದ್ಲು."

"ಬಲಮೂಲೆ ಯಾರದ್ದು?"

ಮುಖ್ಯಸ್ಥರು ಗೀರನ್ನು ಬಗ್ಗಿ ನೋಡಿದರು. "ಅವಳ ಅಕ್ಕಂದು. ಇಲ್ಲೇ ಅಳತೆ ಕೆಲಸ."

ಕೈಗೆ ಹತ್ತಿದ ರೂಢಿ ಕಳ್ಳತನದ ಹೊತ್ತಿನಲ್ಲೂ ಬಿಟ್ಟಿರಲಿಲ್ಲ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಪೇದೆ ಮತ್ತು ಇಬ್ಬರು ಪಂಚರೊಂದಿಗೆ ಅಕ್ಕನ ಮನೆಗೆ ಹೋದರು. ಒಳಕೋಣೆಯ ಕಿಟಕಿಗೆ ಕಪ್ಪು ಕಾಗದ ಅಂಟಿಸಿತ್ತು. ಅವಳು ತಾನಾಗಿಯೇ ಬಿಗಿಮುಚ್ಚಳದ ಜಾಡಿ ತಂದಿಟ್ಟಳು. ತೇವ ಹೀರುವ ಹರಳುಗಳ ನಡುವೆ ಗಾಜು ಮಲಗಿತ್ತು. ಗೀರು ಎಡಮೂಲೆಯಲ್ಲಿ.

"ಯಾಕಮ್ಮ?"

"ಅವಳು ಹೋಗೋದನ್ನ ಪಕ್ಕದಲ್ಲಿ ಕೂತು ನೋಡಿದೀನಿ ಸಾರ್. ಇದು ಸಾಯೋದನ್ನೂ ನಾನೇ ಕೂತು ಅಳೀಬೇಕಿತ್ತು."

"ತಂದು ಏನು ಮಾಡಿದ್ರಿ?"

"ದಿನಾ ಟಾರ್ಚ್ ಬಿಟ್ಟು ನೋಡ್ತೀನಿ. ಅವಳು ಬಂದು ಕೂತ ಹಾಗಾಗುತ್ತೆ. ನೋಡಿದಷ್ಟೂ ಮಂಕಾಗುತ್ತೆ, ಗೊತ್ತು. ಆದ್ರೂ ಮನಸ್ಸು ತಡಿಯಲ್ಲ."

ಪಂಚನಾಮೆಗೆ ಒಮ್ಮೆ ಹೊಳೆಸಿ ನೋಡಲೇಬೇಕಿತ್ತು. ಪೇದೆ ಕದ ಹಾಕಿ ನೇರಳೆ ಟಾರ್ಚ್ ಒತ್ತಿದ. ಕೋಣೆ ಹಸಿರಾಯಿತು. ಅಕ್ಕನ ಪಕ್ಕದಲ್ಲೊಂದು ಖಾಲಿ ಕುರ್ಚಿ. ಅತ್ತ ನೋಡಿದ ಪೇದೆ ಮತ್ತೆ ಅತ್ತ ನೋಡಲಿಲ್ಲ.

"ಬೇಗ ಆರಿಸಣ್ಣ," ಎಂದಳು.

ಮೂರು ಗಂಟೆಗೆ ಬಂಧನ. ಜಾಡಿಗೆ ಅರಗಿನ ಮುದ್ರೆ ಬಿತ್ತು.

"ಕೇಸು ಮುಗಿಯೋವರೆಗೆ ಇದಕ್ಕೆ ಯಾರೂ ಕಿರಣ ಬಿಡೋ ಹಾಗಿಲ್ಲಮ್ಮ, ಲ್ಯಾಬಿನವರೂ," ಎಂದರು ಇನ್‌ಸ್ಪೆಕ್ಟರ್.

"ಎಷ್ಟು ದಿನ ಆಗುತ್ತೆ?"

"ದಿನ ಎಲ್ಲಿ ಬಂತಕ್ಕ, ಕೋರ್ಟು. ವರ್ಷಗಟ್ಟಲೆ ಎಳೀತಾರೆ," ಎಂದ ಪೇದೆ.

ಅವಳು ನಿಧಾನವಾಗಿ ಉಸಿರು ಬಿಟ್ಟು ಚಪ್ಪಲಿ ಮೆಟ್ಟಿಕೊಂಡಳು.